ಅವ್ವ ಬೇಡಿದ ಈಸುವ ಬಸ್ಸು

ನರಗುಂದದಲ್ಲಿ ನನ್ನ ಹೊಲಿಗೆ ಅಂಗಡಿ ಬಸ್‌ನಿಲ್ದಾಣದ ಎದುರಿಗೇ ಇದೆ. ಗಿರಾಕಿಗಳ ಸಲುವಾಗಿ ಅಲ್ಲಿ ಹಿಡಿದೆ ಅಂತ ಕೇಳಿದವರಿಗೆಲ್ಲ ಹೇಳುತ್ತೇನೆ. ಖರೇ ಕಾರಣ ಬುತ್ತಿ. ದಿನಾ ಬೆಳಿಗ್ಗೆ ನಮ್ಮೂರಿನಿಂದ ಬರುವ ಮೊದಲ ಬಸ್ಸಿನಲ್ಲಿ ಅವ್ವ ನನಗೆ ಬುತ್ತಿ ಕಳಿಸುತ್ತಾಳೆ. ಬರುವುದು ಡಬ್ಬಿ ಮಾತ್ರ, ಜೊತೆಗೆ ಯಾರೂ ಇರುವುದಿಲ್ಲ. ಡ್ರೈವರನ ಸೀಟಿನ ಬಗಲಲ್ಲಿ, ಇಂಜಿನ್ನಿನ ಬಿಸಿಗೆ ಒರಗಿಕೊಂಡು, ನನ್ನಂಥವರ ಹತ್ತಾರು ಡಬ್ಬಿಗಳು ಕೂತಿರುತ್ತವೆ. ಕಾಲೇಜಿಗೆ ಬಂದು ಖೋಲಿ ಮಾಡಿಕೊಂಡಿರುವ ಹುಡುಗಿಯರದು, ಕಚೇರಿಯವರದು, ದವಾಖಾನೆಯಲ್ಲಿ ಮಲಗಿದವರದು. ಒಂದು ಡಬ್ಬಿಯೂ ಅದಲುಬದಲಾದದ್ದು ನನಗೆ ಗೊತ್ತಿಲ್ಲ. ನನ್ನದನ್ನಂತೂ ದೂರದಿಂದಲೇ ಗುರುತಿಸಬಹುದು. ಅವ್ವ ಗಜೇಂದ್ರಗಡದ ನೇಕಾರರ ಮಗಳು. ತವರಿನ ಮಗ್ಗದಲ್ಲಿ ಉಳಿದ ಚೌಕಡಿ ಬಟ್ಟೆಯ ತುಂಡಿನಲ್ಲಿ ಡಬ್ಬಿ ಕಟ್ಟಿ, ಮೇಲೆ ಬಿಚ್ಚಲು ಬಾರದಂಥ ಗಂಟು ಹಾಕುತ್ತಾಳೆ.

ಮಗಳಾದ ನನಗೇ ನಲವತ್ತು ದಾಟಿದೆ. ರೊಟ್ಟಿ ಬಡಿಯಲು ನನಗೂ ಬರುತ್ತದೆ. ಆದರೆ ಪೇಟೆಯ ಗ್ಯಾಸಿನ ಮೇಲೆ ಸುಟ್ಟದ್ದಕ್ಕೆ ರೊಟ್ಟಿ ಅನ್ನಬಾರದು ಅನ್ನುವುದು ಅವ್ವನ ಕಾಯಿದೆ. ರಾತ್ರಿಯವರೆಗೂ ಹೊಲಿಗೆ ಇರುವುದರಿಂದ, ಊರಿಗೆ ಹೋಗುವ ಕಡೆಯ ಬಸ್ಸು ನನಗೆ ಸಿಗುವುದಿಲ್ಲ. ಅದಕ್ಕೇ ಅಂಗಡಿಯ ಹಿಂದಿನ ಖೋಲಿಯಲ್ಲಿ ಇರುತ್ತೇನೆ, ರವಿವಾರ ಊರಿಗೆ ಹೋಗುತ್ತೇನೆ. ಊರಲ್ಲಿ ತಮ್ಮ, ಅವನ ಹೆಂಡತಿ, ಅವರ ಮಕ್ಕಳು ಇದ್ದಾರೆ. ಅವ್ವ ಅವರೆಲ್ಲರ ಮೇಲೆ ದರಬಾರು ನಡೆಸಿಕೊಂಡು ಇದ್ದಾಳೆ.

ಸಂಜೆಯ ಬಸ್ಸಿಗೆ ಖಾಲಿ ಡಬ್ಬಿ ಹೋಗುತ್ತದೆ. ಖಾಲಿ ಅನ್ನುವುದು ಹೆಸರಿಗಷ್ಟೇ. ಅದರಲ್ಲಿ ಚಹಾಪುಡಿ, ಮಕ್ಕಳಿಗೆ ಬಿಸ್ಕೀಟು, ತಮ್ಮನ ಹೆಂಡತಿಯ ಕುಬಸ ಇರುತ್ತವೆ. ತಿಂಗಳಿಗೊಮ್ಮೆ ಅವ್ವನ ಸಕ್ಕರೆ ಬೇನೆಯ ಇನ್ಸುಲಿನ್ ಶೀಶೆಯೂ ಇರುತ್ತದೆ. ಅದನ್ನು ಐಸು ತುಂಬಿದ ಸಣ್ಣ ಥರ್ಮಾಸಿನಲ್ಲಿಟ್ಟು ಡ್ರೈವರನ ಕೈಗೇ ಕೊಡುತ್ತೇನೆ. ನಮ್ಮ ಬಸ್ಸಿನ ಡ್ರೈವರು ರೋಣದ ಕಡೆಯವನು, ನಿವೃತ್ತಿಗೆ ಹತ್ತಿರ ಬಂದ ಮನುಷ್ಯ. ಔಷಧ ಕೊಟ್ಟ ದಿನ ಹಿಂದೆ ಕೂತವರಿಗೆಲ್ಲ, "ಬೀಡಿ ಸೇದಬ್ಯಾಡ್ರಿ, ದವಾಖಾನಿ ಸಾಮಾನ ಐತಿ" ಅಂತ ಗದರಿಸುತ್ತಾನಂತೆ. ಬೀಡಿಗೂ ಇನ್ಸುಲಿನ್ನಿಗೂ ಏನು ಸಂಬಂಧವೋ ನಾನು ಕೇಳಲು ಹೋಗಿಲ್ಲ.

ನಮ್ಮೂರು ದೊಡ್ಡ ರಸ್ತೆಯಲ್ಲಿಲ್ಲ. ನರಗುಂದದಿಂದ ರೋಣಕ್ಕೆ ಹೋಗುವ ದಾರಿಗೆ ಎತ್ತರದ ಸೇತುವೆ ಇದೆ. ನಮ್ಮೂರಿಗೆ ಹೊರಳುವ ಅಡ್ಡದಾರಿಯಲ್ಲಿ ಮಾತ್ರ ಹಳ್ಳಕ್ಕೆ ನೆಲಮಟ್ಟದ ಹಾಸುಗಲ್ಲಿನ ಸೇತುವೆ. ವರ್ಷದಲ್ಲಿ ಬಹುಪಾಲು ಆ ಹಳ್ಳದಲ್ಲಿ ಆಡು ಮೇಯುತ್ತಿರುತ್ತವೆ, ಬಳ್ಳಾರಿ ಜಾಲಿ ಬೆಳೆದಿರುತ್ತದೆ, ಮಣ್ಣು ಕೈ ಹೋಗುವಷ್ಟು ಬಿರಿದಿರುತ್ತದೆ. ಎಲ್ಲೋ ಹುಬ್ಬಳ್ಳಿ ಕಡೆ ಮಳೆ ಬಿದ್ದರೆ, ನಮ್ಮಲ್ಲಿ ಒಂದು ಹನಿ ಬೀಳದಿದ್ದರೂ, ಮರುದಿನ ಅದೇ ಹಳ್ಳ ಸೇತುವೆಯ ಮೇಲೆ ಹಾದು ಹೊಲಕ್ಕೆ ನುಗ್ಗುತ್ತದೆ. ಊರಿನ ಆ ಕಡೆಗೂ ಇಂಥದೇ ಇನ್ನೊಂದು ಸಣ್ಣ ಹಳ್ಳ. ಎರಡೂ ತುಂಬಿದರೆ ಊರು ನಡುಗಡ್ಡೆಯಾಗುತ್ತದೆ. ಆಗ ಬಸ್ಸು ಹಳ್ಳದ ದಂಡೆಗೆ ಬಂದು, ಅತ್ತ ಇತ್ತ ನೋಡಿ, ತಿರುಗಿ ಹೋಗುತ್ತದೆ.

ಈಸುವ ಬಸ್ಸಿನ ಹುಚ್ಚು ಹತ್ತಿಸಿದವನು ಅದೇ ಡ್ರೈವರು. ಒಂದು ಮಧ್ಯಾಹ್ನ ಅಂಗಡಿಗೆ ಬಂದು, ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಯಾವುದೋ ದೇಶದ ಯಾವುದೋ ಊರು. ನೋಡಲು ಥೇಟು ನಮ್ಮ ಬಸ್ಸಿನಂಥದೇ ಬಸ್ಸು. ಜನರನ್ನು ತುಂಬಿಕೊಂಡು ರಸ್ತೆಯಲ್ಲಿ ಬಂತು, ಇಳಿಜಾರಿನಲ್ಲಿ ಸೀದಾ ನೀರಿಗೆ ಇಳಿಯಿತು, ಗಾಲಿ ನಿಂತವು, ಹಿಂದೆ ಒಂದು ಫ್ಯಾನು ತಿರುಗಿತು, ಬಸ್ಸು ತೇಲಿಕೊಂಡು ಆ ದಂಡೆಗೆ ಹೋಗಿ ಮತ್ತೆ ರಸ್ತೆ ಹತ್ತಿತು. ಒಳಗೆ ಕೂತವರು ಕಿಟಕಿಯಿಂದ ಕೈ ಬೀಸುತ್ತಿದ್ದರು. ನಾನು ಅದನ್ನು ತಮ್ಮನ ಹೆಂಡತಿಯ ಮೊಬೈಲಿಗೆ ಕಳಿಸಿದೆ, ಚೇಷ್ಟೆಗೆ.

ಅವ್ವ ಅದನ್ನು ಚೇಷ್ಟೆ ಅಂತ ತಿಳಿಯಲಿಲ್ಲ. ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದಳಂತೆ. ರವಿವಾರ ನಾನು ಹೋದಾಗ ಪಡಸಾಲೆಯಲ್ಲಿ ಕೂತು ವಾದ ಶುರುಮಾಡಿದಳು.

"ನಮಗ ಬರೇ ದೋಣಿ ಕೊಟ್ರ ಏನ ಮಾಡೂದು? ಬ್ಯಾಸಗಿಯೊಳಗ ಬಿಸಲಿಗೆ ಸೀಳಿ ಹೋಗತೈತಿ. ಬರೇ ಬಸ್ ಕೊಟ್ರ ಹಳ್ಳ ಬಂದಾಗ ನಿಂದರತೈತಿ. ಎರಡೂ ಆಗೂದು ಬೇಕು ನಮಗ. ಅದನ್ನ ಯಾರೋ ಶ್ಯಾಣ್ಯಾ ನಮ್ಮೂರ ನೋಡೇ ಮಾಡ್ಯಾನ."

"ಸೇತುವೆ ಎತ್ತರ ಮಾಡಿದ್ರ ಸಾಕಲ್ಲವ್ವ" ಅಂದೆ.

"ಸೇತುವಿ ಅಲ್ಲೇ ಹಳ್ಳದಾಗ ಇರತೈತಿ. ಬಸ್ ನಮ್ಮ ಮನಿ ಮುಂದ ಬರತೈತಿ."

ಈಗ ಯೋಚಿಸಿದರೆ, ಅವಳ ಲೆಕ್ಕ ಬಹಳ ಶಹಾಣೆತನದ್ದು ಅನಿಸುತ್ತದೆ. ನಮ್ಮಂಥ ಒಣ ಸೀಮೆಗೆ ವರ್ಷದಲ್ಲಿ ನಾಲ್ಕು ದಿನ ನೀರಿನ ಬಂಡಿ ಬೇಕು, ಉಳಿದ ದಿನ ರಸ್ತೆಯ ಬಂಡಿ ಬೇಕು. ಪ್ರವಾಸಿಗರು ಕೈ ಬೀಸಲು ಮಾಡಿದ ಬಸ್ಸನ್ನು ಅವ್ವ ಬುತ್ತಿ ಕಳಿಸಲು ಬೇಡುತ್ತಿದ್ದಳು, ಅಷ್ಟೇ ವ್ಯತ್ಯಾಸ.

ಆ ವರ್ಷದ ಮೊದಲ ಹಳ್ಳ ಬಂದು ಇಳಿದ ಮೇಲೆ ತಾಲೂಕಿನಿಂದ ಒಬ್ಬ ಸಾಹೇಬರು ಊರಿಗೆ ಬಂದು, ಗುಡಿಯ ಕಟ್ಟೆಯ ಮೇಲೆ ಕೂತು ಜನರ ಅಹವಾಲು ಕೇಳಿದರು. ಒಬ್ಬರು ಸೇತುವೆ ಅಂದರು, ಇನ್ನೊಬ್ಬರು ಬೆಳೆ ಪರಿಹಾರ ಅಂದರು. ಅವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತು, "ನಮಗ ಈಸೂ ಬಸ್ ಕೊಡಸ್ರಿ" ಅಂದಳು. ಕಟ್ಟೆ ತುಂಬ ನಗೆ. ಸಾಹೇಬರು ಮಾತ್ರ ನಗಲಿಲ್ಲ, ಒಳ್ಳೆಯ ಮನುಷ್ಯ ಇರಬೇಕು. ಅಂಥ ಬಸ್ಸುಗಳು ನಿಂತ ನೀರಿನಲ್ಲಿ ಓಡುತ್ತವೆ, ಹರಿಯುವ ಹಳ್ಳದಲ್ಲಿ ಕಷ್ಟ, ಅಂತ ತಾಳ್ಮೆಯಿಂದ ತಿಳಿಸಿ ಹೇಳಿದರು. "ಕಷ್ಟ ಅಂದ್ರ ಆಗೂದಿಲ್ಲ ಅಂತೇನ್ರಿ?" ಅಂತ ಅವ್ವ ಕೇಳಿದಳು. ಅವರು ವಿಚಾರಿಸುತ್ತೇನೆ ಅಂದರು. ವಿಚಾರಿಸುವುದು ಅಂದರೆ ಏನು ಅಂತ ಕಟ್ಟೆಯ ಮೇಲೆ ಕೂತವರಿಗೆಲ್ಲ ಗೊತ್ತಿತ್ತು, ಅವ್ವನೊಬ್ಬಳನ್ನು ಬಿಟ್ಟು.

ತಮ್ಮನಿಗೆ ಇದು ಮನಸ್ಸಿಗೆ ಹತ್ತಿತು. ಊರ ಮುಂದೆ ಅವ್ವನ ಮಾತಿಗೆ ಜನ ನಕ್ಕದ್ದು ಅವನಿಗೆ ಸೇರಲಿಲ್ಲ. ಅವನ ಹತ್ತಿರ ಒಂದು ಟ್ರ್ಯಾಕ್ಟರು, ಒಂದು ಹಳೇ ಟ್ರೇಲರು ಇವೆ. ಬೆಳೆಗೆ ಔಷಧ ಹೊಡೆಯಲು ನೀರು ತುಂಬುವ ನೀಲಿ ಪ್ಲಾಸ್ಟಿಕ್ ಬ್ಯಾರೆಲ್ಲುಗಳನ್ನು ಊರ ತುಂಬ ಬೇಡಿ ತಂದು, ಟ್ರೇಲರಿನ ಎರಡೂ ಬದಿಗೆ ಮತ್ತು ಅಡಿಗೆ ಬಿಗಿದ. ಗೆಳೆಯರು ಬಂದು ಬೆಂಚು ಕೂಡಿಸಿದರು. ಹಳ್ಳದ ಊರ ಕಡೆಯ ದಂಡೆಯ ಬೇವಿನ ಮರದಿಂದ ನರಗುಂದದ ಕಡೆಯ ದಂಡೆಯ ಬನ್ನಿ ಮರಕ್ಕೆ, ಹಳ್ಳ ಒಣಗಿದ್ದಾಗಲೇ ದಪ್ಪ ಹಗ್ಗ ಕಟ್ಟಿದರು. ಟ್ರೇಲರನ್ನು ನೀರಿಗೆ ತಳ್ಳಿ, ಮೇಲೆ ನಿಂತು ಹಗ್ಗ ಜಗ್ಗುತ್ತಾ ದಾಟುವುದು, ಅವರ ಯೋಜನೆ ಇಷ್ಟೇ.

ನಮ್ಮೂರಿನವರಿಗೆ ಒಂದು ಕೆಲಸ ಹಿಡಿದರೆ ಅರ್ಧ ಮಾಡಿ ಗೊತ್ತಿಲ್ಲ. ಬಸ್ಸು ಅಂದ ಮೇಲೆ ಬಸ್ಸಿನ ಹಾಗೇ ಇರಬೇಕು ಅಂತ ಮುಂದಿನ ಬೆಂಚಿನ ಮೇಲೆ ಬಣ್ಣದಲ್ಲಿ "ಮಹಿಳೆಯರಿಗೆ" ಅಂತ ಬರೆದರು. ಎದುರಿಗೆ "ನಮ್ಮೂರು – ನರಗುಂದ" ಅಂತ ಬೋರ್ಡು ಕಟ್ಟಿದರು. ಸೀಟಿ ಊದಲು ಒಬ್ಬನನ್ನು ಕಂಡಕ್ಟರ್ ಮಾಡಿದರು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆದಂದಿನಿಂದ ನಮ್ಮ ಓಣಿಯ ಹೆಂಗಸರ ದನಿ ದೊಡ್ಡದಾಗಿದೆ. ಅವರು ತಮ್ಮನನ್ನು ತಡೆದು, "ನಿನ್ನ ಬಸ್ಸಿನಾಗೂ ನಮಗ ಪುಕ್ಕಟೆ ಹೌದಲ್ಲೋ?" ಅಂತ ಮೊದಲೇ ಖಾತ್ರಿ ಮಾಡಿಕೊಂಡರು. ಊರ ಕೆರೆಯಲ್ಲಿ ಪರೀಕ್ಷೆಗೆ ಇಳಿಸಿದ ದಿನ ನಾನೂ ಇದ್ದೆ. ಅದು ಸ್ವಲ್ಪ ವಾಲಿತು, ಆದರೆ ತೇಲಿತು. ಅವ್ವ ಮಹಿಳೆಯರ ಬೆಂಚಿನ ಮೇಲೆ ಕೂತು ಕೆರೆ ದಾಟಿದಳು. ದಂಡೆಯ ಮೇಲಿದ್ದ ನಮಗೆಲ್ಲ ಕೈ ಬೀಸಿದಳು. ಅವಳನ್ನು ಅಷ್ಟು ಖುಷಿಯಲ್ಲಿ ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ.

ಮುಂದಿನ ಹಳ್ಳ ಬಂದದ್ದು ಅವ್ವನ ಔಷಧ ಮುಗಿಯುವ ಹೊತ್ತಿಗೆ. ಥರ್ಮಾಸು ತುಂಬಿ ಸಂಜೆಯ ಬಸ್ಸಿಗೆ ಕೊಟ್ಟಿದ್ದೆ, ಬಸ್ಸು ದಂಡೆಯಿಂದಲೇ ತಿರುಗಿ ಬಂದು ಥರ್ಮಾಸನ್ನು ನನ್ನ ಕೈಗೇ ಕೊಟ್ಟಿತು. ಮರುದಿನ ಇಳಿಯುತ್ತದೆ ಅಂದುಕೊಂಡೆವು, ಇಳಿಯಲಿಲ್ಲ. ಆ ಕಡೆಯ ಸಣ್ಣ ಹಳ್ಳವೂ ಏರಿತ್ತು. ತಾಲೂಕಿಗೆ ಫೋನು ಮಾಡಿದರೆ, ಇದ್ದ ಒಂದು ದೋಣಿ ಹೊಳೆದಂಡೆಯ ಊರಿಗೆ ಹೋಗಿದೆ ಅಂದರು. ಅಲ್ಲಿ ಮನೆಗಳ ಒಳಗೇ ನೀರು ಹೊಕ್ಕಿತ್ತು. ಸಿಟ್ಟು ಬಂತು, ಆದರೆ ಸಿಟ್ಟು ಮಾಡಲು ನ್ಯಾಯ ಇರಲಿಲ್ಲ. ಊರಿನ ಆಶಾ ಕಾರ್ಯಕರ್ತೆ ಅವ್ವನ ಬೆರಳು ಚುಚ್ಚಿ ನೋಡಿ, ಸಕ್ಕರೆ ಭಾಳ ಏರಿದೆ, ಲಗೂ ಔಷಧ ಮುಟ್ಟಿಸಿರಿ ಅಂತ ಫೋನಿನಲ್ಲಿ ಹೇಳಿದಳು. ಅವ್ವನಿಗೆ ನೀರಡಿಕೆ ನಿಲ್ಲುತ್ತಿಲ್ಲ, ತಲೆ ತಿರುಗುತ್ತಿದೆ ಅಂತ ತಮ್ಮನ ಹೆಂಡತಿ ಹೇಳಿದಳು.

ಮೂರನೆಯ ದಿನ ನಾನು ಅಂಗಡಿಗೆ ಬೀಗ ಹಾಕಿ, ಥರ್ಮಾಸು ಹಿಡಿದು ಬೆಳಗಿನ ಬಸ್ಸು ಹತ್ತಿದೆ. ದಂಡೆಗೆ ಬಂದಾಗ ಹಾಸುಗಲ್ಲು ಎಲ್ಲಿದೆಯೋ ಗೊತ್ತಾಗದಂತೆ ಕೆಂಪು ನೀರು ಹರಿಯುತ್ತಿತ್ತು. ಡ್ರೈವರು ಇಂಜಿನ್ ಬಂದ್ ಮಾಡಿ ಕೂತ. ಹಿಂದಿನವರು ರೇಗತೊಡಗಿದರು. "ಮೊಣಕಾಲಷ್ಟ ಐತಿ, ಹಾಕ್ರಿ ಗಾಡಿ" ಅಂದ ಒಬ್ಬ. ನಾನೂ ಅಂದೆ, "ನೀವs ತೋರಿಸಿದ್ರಲ್ಲ ನೀರಾಗ ಹೋಗೂ ಬಸ್" ಅಂತ.

"ಅದಕ್ಕ ನೆಲಾ ಬೇಕಾಗೂದಿಲ್ರೀ ಅಕ್ಕಾರ. ನನ್ನ ಗಾಡಿಗೆ ಬೇಕು" ಅಂದ ಡ್ರೈವರು. "ಕಾಣದ ನೆಲದ ಮ್ಯಾಲ ನಾ ಗಾಲಿ ಇಡೂದಿಲ್ಲ." ಅವನು ತಲೆ ತಗ್ಗಿಸಿ ಸ್ಟೇರಿಂಗು ಹಿಡಿದು ಕೂತಿದ್ದ. ಎಲ್ಲರೂ ಬೈದು ಬೈದು ಸುಮ್ಮನಾದರು.

ಅಷ್ಟರಲ್ಲಿ ಆ ದಂಡೆಗೆ ತಮ್ಮನ ಟ್ರ್ಯಾಕ್ಟರು ಬಂತು. ಹಿಂದೆ ನೀಲಿ ಬ್ಯಾರೆಲ್ಲಿನ ಟ್ರೇಲರು, ಬೋರ್ಡು ಸಮೇತ. ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಅವನ ಹೆಂಡತಿ, ಇನ್ನೊಂದು ಬದಿಗೆ ಅವ್ವ. ಮನೆಯಲ್ಲಿ ಬಿಟ್ಟು ಬಂದರೆ ಹಿಂದೆಯೇ ನಡೆದುಕೊಂಡು ಬರುತ್ತೇನೆ ಅಂತ ಹಟ ಹಿಡಿದಿದ್ದಳಂತೆ. ನಡುವೆ ಒಂದು ಹೊಲದಷ್ಟು ನೀರು. ಮುಖ ಕಾಣುತ್ತಿದ್ದವು, ದನಿ ಕೇಳುತ್ತಿರಲಿಲ್ಲ. ಫೋನು ಹಚ್ಚಿದೆವು. ತಮ್ಮನ ಹೆಂಡತಿ ಫೋನನ್ನು ಎಲ್ಲರಿಗೂ ಕೇಳುವಂತೆ ಹಿಡಿದಳು.

"ಅಕ್ಕಾ, ಔಷಧ ಹಿಡಕೊಂಡು ಬನ್ನಿ ಗಿಡದ ಹಂತೇಕ ನಿಂದ್ರು. ಹಗ್ಗ ಹಿಡಕೊಂಡು ಬರತೀನಿ, ಹತ್ತ ನಿಮಿಷದ ಕೆಲಸ" ಅಂದ ತಮ್ಮ.

ನಾನು ಹಗ್ಗ ನೋಡಿದೆ. ಎಲ್ಲಿಂದಲೋ ತೇಲಿ ಬಂದ ಜಾಲಿಯ ಕಂಟಿಗಳು, ಒಂದು ಇಡೀ ಗಿಡದ ಬೊಡ್ಡೆ, ಹುಲ್ಲಿನ ರಾಶಿ ಅದಕ್ಕೆ ಸಿಕ್ಕು, ಹಗ್ಗ ಬಿಲ್ಲಿನಂತೆ ಬಾಗಿ ನಡುಗುತ್ತಿತ್ತು. ಕೆರೆಯ ನೀರು ಬೇರೆ, ಇದು ಬೇರೆ ಅಂತ ನನಗೂ ಕಾಣುತ್ತಿತ್ತು. ಬಾ ಅಂದರೆ ತಮ್ಮನ ಜೀವಕ್ಕೆ ಅಪಾಯ, ಬೇಡ ಅಂದರೆ ಅವ್ವನ ಜೀವಕ್ಕೆ. ಥರ್ಮಾಸನ್ನು ಎದೆಗೆ ಅವಚಿಕೊಂಡು ನಿಂತುಬಿಟ್ಟೆ.

ತಮ್ಮ ಟ್ರೇಲರಿನ ಕೊಂಡಿ ಬಿಚ್ಚಲು ಬಾಗಿದ. ಆಗ ಅವ್ವ ಟ್ರ್ಯಾಕ್ಟರಿನಿಂದ ಇಳಿದಳು, ಹಿಂದಕ್ಕೆ ನಡೆದು ಬಂದಳು, ಟ್ರೇಲರು ಹತ್ತಿ ಮಹಿಳೆಯರ ಬೆಂಚಿನ ಮೇಲೆ ಕೂತಳು. ಮೈಯಲ್ಲಿ ಶಕ್ತಿ ಇಲ್ಲದ ಆ ದಿನ ಅವಳು ಹೇಗೆ ಹತ್ತಿದಳೋ ದೇವರಿಗೇ ಗೊತ್ತು.

"ಇಳಿಯವ್ವ" ಅಂತ ತಮ್ಮ ಅಂದದ್ದು ಫೋನಿನಲ್ಲಿ ಕೇಳಿತು.

"ಯಾಕ? ಬಸ್ ಹೊಂಟೈತಿ, ನಾ ಹತ್ತೀನಿ. ನಡಿ."

"ನಿನ್ನ ಕರಕೊಂಡು ಈ ನೀರಾಗ ಹ್ಯಾಂಗ ಹೋಗಲಿ? ನಾ ಒಬ್ಬನs ಹೋಗಿ ಬರತೀನಿ."

"ಒಬ್ಬನs ಹೋಗೂದಾದ್ರ ಅದು ಬಸ್ ಹ್ಯಾಂಗ ಆತು?"

"ಅವ್ವಾ, ಚ್ಯಾಷ್ಟಿ ಮಾಡೂ ಹೊತ್ತಲ್ಲ ಇದು."

ಅವ್ವ ಅಂದಳು, "ನನ್ನ ಕರಕೊಂಡು ಹೋಗೂ ಧೈರ್ಯ ನಿನಗಿಲ್ಲ. ನಿನ್ನ ಕಳಸೂ ಧೈರ್ಯ ನನಗ ಎಲ್ಲಿಂದ ಬರಬೇಕು?"

ನರಗುಂದದ ಸೀಮೆಯವರಿಗೆ ಧರಣಿ ಕೂಡುವುದು ಹೊಸದೇನಲ್ಲ. ನೀರು ಬೇಕಾದರೆ ಚಪ್ಪರ ಹಾಕಿಕೊಂಡು ವರ್ಷಗಟ್ಟಲೆ ಕೂಡುತ್ತಾರೆ, ಬಸ್ಸು ನಿಲ್ಲಿಸದಿದ್ದರೆ ಬಸ್ಸಿನ ಮುಂದೆ ಕೂಡುತ್ತಾರೆ. ಕೂತ ಮೇಲೆ ಎಬ್ಬಿಸುವುದು ಸುಲಭವಲ್ಲ. ಆದರೆ ಅವರು ಕೂಡುವುದು ಏನನ್ನಾದರೂ ಕೊಡಿ ಅಂತ ಕೇಳಲು. ಅವ್ವ ತನಗೆ ಬರಬೇಕಾದದ್ದು ಬರದಿರಲಿ ಅಂತ ಕೂತಿದ್ದಳು. ತಮ್ಮ ಕೈ ಮುಗಿದ, ಸಿಟ್ಟು ಮಾಡಿದ, ಎತ್ತಿ ಇಳಿಸಲು ಹೋದ. ಅವಳು ಬೆಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕೊನೆಗೆ ಅವನು ಕೊಂಡಿ ಮತ್ತೆ ಸಿಕ್ಕಿಸಿ, ಗಾಲಿಗೆ ಒರಗಿ ಕೂತುಬಿಟ್ಟ.

ಅವ್ವ ಫೋನು ಇಸಿದುಕೊಂಡಳು. ನಾನು ಏನೋ ಹೇಳಲು ಹೋದೆ. ಅವಳು ನನ್ನ ಮಾತು ಕೇಳಲಿಲ್ಲ.

"ಮೂರ ದಿನ ಆತು ಬುತ್ತಿ ಬರಲಾರದ. ಏನ ತಿಂದಿ?" ಅಂತ ಕೇಳಿದಳು.

ನನಗೆ ಅಳು ತಡೆಯಲಾಗಲಿಲ್ಲ. ಬಸ್ಸಿನವರೆಲ್ಲ ನೋಡುತ್ತಿದ್ದರು, ನೋಡಲಿ ಅಂತ ಅತ್ತೆ. ಅವ್ವನ ಮೇಲೆ ಸಿಟ್ಟೂ ಬಂದಿತ್ತು. ಇಷ್ಟು ಹಟದ ಹೆಂಗಸಿನ ಹೊಟ್ಟೆಯಲ್ಲಿ ಯಾಕೆ ಹುಟ್ಟಿದೆನೋ ಅನಿಸಿತು. ಮಧ್ಯಾಹ್ನದವರೆಗೆ ನಿಂತು, ನೀರು ಒಂದು ಗೇಣೂ ಇಳಿಯದ್ದನ್ನು ನೋಡಿ, ಅದೇ ಬಸ್ಸಿನಲ್ಲಿ ತಿರುಗಿ ಬಂದೆ. ಔಷಧದ ಐಸು ಕರಗಿತ್ತು, ಮತ್ತೆ ತುಂಬಿಸಿದೆ.

ಮರುದಿನ ಬೆಳಿಗ್ಗೆ ಡ್ರೈವರು ತಾನೇ ಅಂಗಡಿಯ ಬಾಗಿಲು ಬಡಿದ. "ಇಳದೈತಂತ, ನಡೀರಿ" ಅಂದ. ದಂಡೆಯಲ್ಲಿ ಬಸ್ಸು ನಿಲ್ಲಿಸಿ, ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಪಾದ ಮುಳುಗುವಷ್ಟು ನೀರಿದ್ದ ಆ ಸೇತುವೆಯ ಮೇಲೆ ಆ ತುದಿಯವರೆಗೆ ನಡೆದು ಹೋದ. ಒಂದೊಂದು ಕಲ್ಲನ್ನೂ ಕಾಲಿನಿಂದ ತಡವಿ ನೋಡಿದ. ತಿರುಗಿ ಬಂದು ಬಸ್ಸು ಹಾಕಿದ. ಹಿಂದಿನ ದಿನ ಬೈದವರಲ್ಲಿ ನಾನೂ ಒಬ್ಬಳಾಗಿದ್ದೆ. ಅವನು ಅದನ್ನು ಮನಸ್ಸಿನಲ್ಲಿಟ್ಟುಕೊಂಡಂತೆ ಕಾಣಲಿಲ್ಲ. ಸೀದಾ ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿ, "ಔಷಧ ಕೊಡ್ರಿ, ಆಮ್ಯಾಲ ಅವ್ವಾರನ್ನ ಇದರಾಗs ದವಾಖಾನಿಗೆ ಕರಕೊಂಡು ಹೋಗೂಣು" ಅಂದ.

ಟ್ರೇಲರು ಅಂಗಳದಲ್ಲಿತ್ತು. ಅವ್ವ ಅದರಲ್ಲೇ ಇದ್ದಳು. ದಂಡೆಯಿಂದ ಮನೆಗೆ ಅದರಲ್ಲೇ ಕೂತು ಬಂದವಳು ಇಳಿದಿರಲಿಲ್ಲ. ತಾನು ಮಲಗಿದ ಮೇಲೆ ತಮ್ಮ ಔಷಧ ತರಲು ಒಬ್ಬನೇ ಟ್ರೇಲರನ್ನು ಹಳ್ಳಕ್ಕೆ ಇಳಿಸುತ್ತಾನೆ ಅಂತ ಅವಳಿಗೆ ಸಂಶಯ. ಕೌದಿ ತರಿಸಿಕೊಂಡು, ರಾತ್ರಿಯೆಲ್ಲ ಬ್ಯಾರೆಲ್ಲುಗಳ ನಡುವೆ ಮಲಗಿದ್ದಳಂತೆ. ಅವಳ ಸಂಶಯ ಸುಳ್ಳಲ್ಲ ಅಂತ ತಮ್ಮನ ಹೆಂಡತಿ ಆಮೇಲೆ ನನ್ನ ಕಿವಿಯಲ್ಲಿ ಹೇಳಿದಳು. ತಮ್ಮ ನಿದ್ದೆಗೆಟ್ಟ ಕಣ್ಣಲ್ಲಿ ಟ್ರೇಲರಿನ ಪಕ್ಕದಲ್ಲೇ ನಿಂತಿದ್ದ.

ಅವ್ವನ ತುಟಿ ಒಣಗಿ ಬಿರಿದಿತ್ತು. ಕಣ್ಣು ತೆರೆದು ನನ್ನನ್ನು ನೋಡಿದಳು. "ಹಳ್ಳ ಖರೇನ ಇಳದೈತೇನು?" ಅಂದಳು.

"ಇಳದೈತವ್ವ. ಬಸ್ಸಿನಾಗs ಬಂದೀನಿ. ನೋಡಲ್ಲಿ, ಬಾಗಲಕ್ಕ ನಿಂತೈತಿ."

ಅವಳು ಕತ್ತು ಎತ್ತಿ ಬಸ್ಸನ್ನು ನೋಡಿದಳು. ಡ್ರೈವರನನ್ನು ನೋಡಿದಳು. ಆಮೇಲೆ ತಮ್ಮನ ಕಡೆ ಕೈ ಚಾಚಿ, "ಇಳಸಪಾ" ಅಂದಳು. ಅವನು ಮಗುವನ್ನು ಎತ್ತಿದಂತೆ ಎತ್ತಿ ಕಟ್ಟೆಯ ಮೇಲೆ ಕೂಡಿಸಿದ. ನಾನು ಶೀಶೆ ತೆಗೆದು ಸೂಜಿ ತುಂಬಿ ತೋಳು ಕೇಳಿದೆ. ಎಡಗೈಯಲ್ಲಿ ಅವಳು ತಮ್ಮನ ಮುಂಗೈಯನ್ನು ಹಿಡಿದುಕೊಂಡಿದ್ದಳು. ಬಿಡಿಸಲು ನೋಡಿದೆ, ಬಿಡಲಿಲ್ಲ. ಇನ್ನೊಂದು ತೋಳಿಗೆ ಚುಚ್ಚಿದೆ.